ಹಿತ್ತಿಲಿಗೆ ಬಂದವರ ಹೆಸರು ಹೇಳುವ ಆ್ಯಪ್‌ಗಳು: ಮರ್ಲಿನ್, ಐನ್ಯಾಚುರಲಿಸ್ಟ್, ಸೀಕ್

ದಾಸವಾಳದ ಟೊಂಗೆಗೆ ಬೆರಳುದ್ದದ ಹಕ್ಕಿಯೊಂದು ಬಂದು ಕೂರುತ್ತದೆ. ಹೊಟ್ಟೆ ಹಳದಿ, ಬೆನ್ನು ಮಂಕು ಕಂದು, ಕೊಕ್ಕು ಬಾಗಿದೆ. ಸೂರಕ್ಕಿ ಎಂಬುದು ಸುಲಭಕ್ಕೆ ಗೊತ್ತಾಗುತ್ತದೆ, ಯಾವ ಸೂರಕ್ಕಿ ಎಂಬಲ್ಲಿ ತೊಡಕು. ಗಂಟಲು ಬೂದುಬಿಳಿಯಾಗಿದ್ದು ಎದೆಯಿಂದ ಕೆಳಕ್ಕೆ ಹಳದಿ ಇದ್ದರೆ ಅದು ನೇರಳೆ ಪೃಷ್ಠದ ಸೂರಕ್ಕಿಯ ಹೆಣ್ಣು. ಗಂಟಲಿನಿಂದಲೇ ಹಳದಿ ಶುರುವಾದರೆ ನೇರಳೆ ಸೂರಕ್ಕಿಯ ಹೆಣ್ಣು. ಗಂಟಲಿನಿಂದ ಹೊಟ್ಟೆಯ ತನಕ ನಡುವೆ ಒಂದು ಕಪ್ಪು ಪಟ್ಟಿ ಎಳೆದಂತಿದ್ದರೆ ಹೆಣ್ಣೇ ಅಲ್ಲ. ಮರಿ ಮಾಡುವ ಕಾಲ ಮುಗಿದು ಹೊಳೆಯುವ ಗರಿ ಉದುರಿಸಿಕೊಂಡ ಗಂಡು ನೇರಳೆ ಸೂರಕ್ಕಿ.

ಗುರುತಿಸುವ ಆ್ಯಪ್‌ಗಳನ್ನು ಅಳೆಯಬೇಕಾದ್ದು ಇಂಥ ಕಡೆ. ಕಾಗೆಯನ್ನು ಕಾಗೆ ಎನ್ನುವುದು ದೊಡ್ಡ ಮಾತಲ್ಲ. ಗಂಟಲು ಕಾಣದ ಫೋಟೊ ಕೊಟ್ಟರೆ ಯಾವ ಆ್ಯಪ್ ಕೂಡ ಒಂದು ಹೆಸರನ್ನು ಊಹಿಸಿಯೇ ಕೊಡುತ್ತದೆ, ಆ ಊಹೆ ನೋಡುವವರಿಗೆ ತೀರ್ಪಿನಂತೆ ಕಾಣುತ್ತದೆ. ಈ ಮೂರೂ ಆ್ಯಪ್‌ಗಳು ಉಚಿತ, ಮೂರೂ ಒಳ್ಳೆಯವು. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ.

ಮರ್ಲಿನ್ ಹಕ್ಕಿಗಳಿಗೆ ಮಾತ್ರ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2014ರಲ್ಲಿ ಇದನ್ನು ಹೊರತಂದಿತು. ದನಿ ಕೇಳಿ ಹೆಸರು ಹೇಳುವ ಸೌಂಡ್ ಐಡಿ ಸೇರಿದ್ದು 2021ರಲ್ಲಿ. ಮೂರರ ಪೈಕಿ ಅತ್ಯಂತ ಉಪಯುಕ್ತವಾದ ಸೌಲಭ್ಯ ಇದೇ, ಏಕೆಂದರೆ ಹಿತ್ತಿಲಿನ ಹಕ್ಕಿಗಳಲ್ಲಿ ಕಣ್ಣಿಗೆ ಬೀಳುವವುಗಳಿಗಿಂತ ಕಿವಿಗೆ ಬೀಳುವವೇ ಹೆಚ್ಚು. ಫೋನ್ ಹಿಡಿದು ರೆಕಾರ್ಡ್ ಒತ್ತಿದರೆ ದನಿಯ ಚಿತ್ರ ತೆರೆಯ ಮೇಲೆ ಸರಿಯುತ್ತಾ ಹೋಗುತ್ತದೆ, ಕೆಳಗೆ ಹೆಸರುಗಳು ಒಂದೊಂದಾಗಿ ಮೂಡುತ್ತವೆ. ಅದೇ ಹಕ್ಕಿ ಮತ್ತೆ ಕೂಗಿದಾಗ ಅದರ ಹೆಸರು ಹಳದಿಯಾಗಿ ಹೊಳೆಯುತ್ತದೆ. ನಾಲ್ಕೈದು ಹಕ್ಕಿ ಒಟ್ಟಿಗೆ ಕೂಗುವ ಮುಂಜಾನೆಯಲ್ಲಿ ಯಾವ ದನಿ ಯಾರದ್ದು ಎಂದು ಕಿವಿ ಪಳಗಿಸಿಕೊಳ್ಳಲು ಇಷ್ಟು ನೆರವು ಬೇರೆಲ್ಲೂ ಸಿಗದು.

ಇದೆಲ್ಲ ಫೋನಿನೊಳಗೇ ನಡೆಯುವುದರಿಂದ ನೆಟ್‌ವರ್ಕ್ ಬೇಕಿಲ್ಲ. ನಿಮ್ಮ ಪ್ರದೇಶದ ಬರ್ಡ್ ಪ್ಯಾಕ್ (ಅಲ್ಲಿನ ಹಕ್ಕಿಗಳ ಮಾಹಿತಿಯ ಕಟ್ಟು) ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಅದು ಸಾಕಷ್ಟು ದೊಡ್ಡ ಫೈಲ್, ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಲೊಕೇಶನ್ ಅನುಮತಿ ಕೊಡುವುದನ್ನು ಮರೆಯಬೇಡಿ. ಈ ಜಾಗದಲ್ಲಿ, ಈ ತಿಂಗಳಲ್ಲಿ ಯಾವ ಹಕ್ಕಿ ಇರುವ ಸಾಧ್ಯತೆ ಎಷ್ಟು ಎಂಬ ಲೆಕ್ಕವನ್ನು ಮರ್ಲಿನ್, ಹಕ್ಕಿ ನೋಡುವವರು ತಾವು ಕಂಡದ್ದನ್ನು ಬರೆದಿಡುವ ಇಬರ್ಡ್ ಜಾಲತಾಣದ ದಾಖಲೆಗಳಿಂದ ತೆಗೆದುಕೊಳ್ಳುತ್ತದೆ. ಜಾಗ ತಿಳಿಯದಿದ್ದರೆ ಆ ಜರಡಿಯೇ ಇರುವುದಿಲ್ಲ, ಸಾವಿರಾರು ಮೈಲಿ ದೂರದ ಹಕ್ಕಿಯ ಹೆಸರೂ ನುಸುಳಬಹುದು.

ತಪ್ಪು ಹೆಸರು ಬರಲು ಮುಖ್ಯ ಕಾರಣ ಕೆಟ್ಟ ರೆಕಾರ್ಡಿಂಗ್. ಮೈಕ್ ಇರುವುದು ಫೋನಿನ ತಳದಲ್ಲಿ. ಆ ತುದಿ ಹಕ್ಕಿಯ ಕಡೆಗಿರಲಿ, ಕವರ್ ಮತ್ತು ಬೆರಳು ಅದನ್ನು ಮುಚ್ಚದಿರಲಿ. ಅಂಗಿಯ ಸರಬರ, ಚಪ್ಪಲಿಯ ಸದ್ದು ಹಕ್ಕಿಯ ದನಿಗಿಂತ ಜೋರಾಗಿ ದಾಖಲಾಗುತ್ತವೆ, ಆದ್ದರಿಂದ ಒಂದೆಡೆ ನಿಂತು ಅರ್ಧ ನಿಮಿಷ ಅಲುಗಾಡದೆ ಹಿಡಿಯಿರಿ. ಹಕ್ಕಿಗೂ ನಿಮಗೂ ನಡುವಿನ ದೂರ ಅರ್ಧಕ್ಕೆ ಇಳಿದರೆ ದನಿ 6 ಡೆಸಿಬಲ್‌ನಷ್ಟು ಏರುತ್ತದೆ. ನಾಲ್ಕು ಹೆಜ್ಜೆ ಮೆಲ್ಲಗೆ ಮುಂದೆ ಹೋಗುವುದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಕೆಂಬೂತದ ಊಪ್ ಊಪ್, ಪಾರಿವಾಳದ ಗುಟುರು ಇಂಥ ತಗ್ಗುದನಿಗಳು ಪಂಪ್‌ಸೆಟ್ಟು, ವಾಹನಗಳ ಗುಂಯ್‌ನಲ್ಲಿ ಮುಳುಗಿಹೋಗುತ್ತವೆ. ಟುವ್ವಿ ಹಕ್ಕಿಯ ಚೂಪುದನಿ ಅದೇ ಗದ್ದಲದಲ್ಲೂ ಉಳಿಯುತ್ತದೆ. ಹಾಗಾಗಿ ಪಟ್ಟಿಯಲ್ಲಿ ಕೆಂಬೂತ ಬರಲಿಲ್ಲವೆಂದು ಹಿತ್ತಿಲಲ್ಲಿ ಕೆಂಬೂತ ಇಲ್ಲವೆಂದುಕೊಳ್ಳಬೇಡಿ.

ಎರಡನೆಯ ಕಾರಣ ಅನುಕರಣೆ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಯಥಾವತ್ತಾಗಿ ಒಪ್ಪಿಸುತ್ತದೆ, ಎಲೆಹಕ್ಕಿಯೂ ಅಷ್ಟೇ. ಒಂದೇ ಕೊಂಬೆಯಿಂದ, ಒಂದರ ಹಿಂದೆ ಒಂದರಂತೆ ಮೂರು ಬೇರೆ ಬೇರೆ ಹಕ್ಕಿಗಳ ಹೆಸರು ಬಂದರೆ ಮೊದಲು ಆ ಕೊಂಬೆಯನ್ನು ನೋಡಿ. ಇನ್ನು ಅಳಿಲಿನ ಚಿಕ್ ಚಿಕ್, ಕಪ್ಪೆಯ ವಟವಟ ಮರ್ಲಿನ್‌ಗೆ ಸಂಬಂಧಿಸಿದ್ದಲ್ಲ. ಕೋಗಿಲೆಯ ಹೆಣ್ಣು ಗಂಡಿನಂತೆ ಕುಹೂ ಎನ್ನದೆ ಕಿಕ್ ಕಿಕ್ ಕಿಕ್ ಎಂದು ಕಿರುಚುತ್ತದೆ, ಮೈ ಕಂದು, ಮೈತುಂಬಾ ಬಿಳಿ ಚುಕ್ಕೆ. ಆ್ಯಪ್ ಕೋಗಿಲೆ ಎಂದಾಗ ಅನೇಕರು ಅದನ್ನೇ ತಪ್ಪೆಂದು ತಿರಸ್ಕರಿಸುತ್ತಾರೆ.

ಹೆಸರಿನ ಪಕ್ಕ ಕೆಂಪು ಚುಕ್ಕೆ ಬಂದರೆ ಆ ಜಾಗಕ್ಕೆ ಆ ಹಕ್ಕಿ ಅಪರೂಪ ಎಂದರ್ಥ. ಅದನ್ನು ಸಂಭ್ರಮಕ್ಕಿಂತ ಎಚ್ಚರಿಕೆ ಎಂದು ಓದಿಕೊಳ್ಳಿ. ರೆಕಾರ್ಡಿಂಗ್ ಉಳಿಸಿ, ಆ್ಯಪ್‌ನಲ್ಲೇ ಇರುವ ಮಾದರಿ ದನಿಯೊಡನೆ ಹೋಲಿಸಿ, ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ದಾಖಲಿಸಿ.

ದನಿ ಇಲ್ಲದೆ, ಫೋಟೊ ಇಲ್ಲದೆ ಬರೀ ನೆನಪಿನಿಂದ ಹುಡುಕುವ ದಾರಿಯೂ ಮರ್ಲಿನ್‌ನಲ್ಲಿದೆ: ಗಾತ್ರ, ಮುಖ್ಯ ಬಣ್ಣಗಳು, ಏನು ಮಾಡುತ್ತಿತ್ತು ಎಂದು ಕೇಳುತ್ತದೆ. ಇಲ್ಲಿ ಗಾತ್ರದ ಪ್ರಶ್ನೆಯೇ ದಾರಿ ತಪ್ಪಿಸುವುದು. ಗುಬ್ಬಚ್ಚಿಗೂ ಕಾಗೆಗೂ ನಡುವೆ ತೋರಿಸುವ ರಾಬಿನ್ ಎಂದರೆ ಅಮೆರಿಕದ ರಾಬಿನ್, ಸುಮಾರು 25 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಗೊರವಂಕದಷ್ಟು. ರಾಬಿನ್ ಎಂದಾಗ ಮಡಿವಾಳವನ್ನೋ ಚಿಟ್ಟುಮಡಿವಾಳವನ್ನೋ ನೆನೆದುಕೊಂಡರೆ ಪಟ್ಟಿಯೇ ಬೇರೆಯಾಗುತ್ತದೆ.

ಹಕ್ಕಿಯನ್ನು ಬಿಟ್ಟು ಉಳಿದೆಲ್ಲಕ್ಕೂ ಐನ್ಯಾಚುರಲಿಸ್ಟ್. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿದ ಇದರ ನಿಜವಾದ ಬಲ ಕಂಪ್ಯೂಟರ್ ಅಲ್ಲ, ಅದರ ಹಿಂದೆ ಕೂತಿರುವ ಜನ. ಜೇಡ, ಜೀರುಂಡೆ, ಪತಂಗ, ಹಾವುರಾಣಿ, ಅಣಬೆ ಯಾವುದರ ಫೋಟೊ ಹಾಕಿದರೂ ಮೊದಲು ಆ್ಯಪ್ ಒಂದು ಸೂಚನೆ ಕೊಡುತ್ತದೆ, ಆಮೇಲೆ ಬಲ್ಲವರು ಬಂದು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಕನಿಷ್ಠ ಇಬ್ಬರು ಹೆಸರಿಸಿ, ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವನ್ನು ಒಪ್ಪಿದ ಮೇಲಷ್ಟೇ ಅದಕ್ಕೆ 'ರಿಸರ್ಚ್ ಗ್ರೇಡ್' ಮುದ್ರೆ. ಚಿಟ್ಟೆಗಳಿಗೆ ಉತ್ತರ ಬೇಗ ಬರುತ್ತದೆ. ಸಣ್ಣ ನೊಣ, ಜೇಡಗಳು ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಅವುಗಳನ್ನು ಫೋಟೊದಿಂದ ಪ್ರಭೇದದವರೆಗೆ ಬಿಡಿಸಲು ಎಷ್ಟೋ ಸಲ ಆಗುವುದೇ ಇಲ್ಲ.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಸೂಚನೆಯ ಪಟ್ಟಿಯಲ್ಲಿ ಮೇಲಿರುವ ಹೆಸರನ್ನು ಒತ್ತಿಬಿಡುವುದು. ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣಿನ ಒಂದು ರೂಪವನ್ನು ನೋಡಿ. ರೆಕ್ಕೆಯ ಕಪ್ಪು, ನಡುವಿನ ಬಿಳಿ ಮಚ್ಚೆ, ಅಂಚಿನ ಕೆಂಪು ಎಲ್ಲವೂ ವಿಷವುಳ್ಳ ಕಾಮನ್ ರೋಸ್ ಚಿಟ್ಟೆಯ ನಕಲು. ವ್ಯತ್ಯಾಸ ಇರುವುದು ಮೈಯಲ್ಲಿ: ರೋಸ್‌ನ ತಲೆ ಮತ್ತು ಹೊಟ್ಟೆ ಕೆಂಪು, ಮಾರ್ಮನ್‌ನ ಮೈ ಕಪ್ಪು. ರೆಕ್ಕೆಯಷ್ಟೇ ಕಾಣುವ ಫೋಟೊ ಹಾಕಿ ಪ್ರಭೇದದ ಹೆಸರು ಒತ್ತಿದರೆ ಅದು ಜೂಜು. ಕುಳಿತ ಗಿಡವೂ ಸುಳಿವು: ಕರಿಬೇವು, ನಿಂಬೆಯ ಮೇಲೆ ಮೊಟ್ಟೆ ಇಡುತ್ತಿದ್ದರೆ ಮಾರ್ಮನ್, ಈಶ್ವರಿ ಬಳ್ಳಿಯ ಮೇಲಾದರೆ ರೋಸ್. ಅನುಮಾನ ಇದ್ದಾಗ ಒಂದು ಮೆಟ್ಟಿಲು ಮೇಲಿನ ಹೆಸರನ್ನು, ಅಂದರೆ ಕುಲ ಅಥವಾ ಕುಟುಂಬವನ್ನು ಆರಿಸಿ. ಅದು ಸೋಲಲ್ಲ, ಸರಿಯಾದ ದಾಖಲೆ.

ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ಮೂರು ಫೋಟೊ ಒಂದೇ ದಾಖಲೆಯಲ್ಲಿ ಸೇರಿಸಿ, ಜೊತೆಗೆ ಗಿಡದ ಎಲೆಯದ್ದೂ ಒಂದು. ಕೀಟ ಚೌಕಟ್ಟಿನ ಮೂಲೆಯಲ್ಲಿ ಚುಕ್ಕಿಯಷ್ಟಿದ್ದರೆ ಹಾಕುವ ಮೊದಲೇ ಕತ್ತರಿಸಿಕೊಳ್ಳಿ, ಸೂಚನೆಗಳು ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತವೆ. ಎರಡು ಬೇರೆ ಜೀವಿಗಳಿದ್ದರೆ ಎರಡು ದಾಖಲೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ತೆಗೆದ ಜಾಗದ ಮತ್ತು ಸಮಯದ ಮಾಹಿತಿ ಅಳಿಸಿಹೋಗಿರುತ್ತದೆ. ಅದನ್ನು ಹಾಗೇ ಹಾಕಿದರೆ ದಾಖಲೆ 'ಕ್ಯಾಶುವಲ್' ದರ್ಜೆಗೆ ಇಳಿದು ಬಲ್ಲವರ ಕಣ್ಣಿಗೇ ಬೀಳುವುದಿಲ್ಲ. ನೆಟ್ಟು ಬೆಳೆಸಿದ ಗಿಡ, ಸಾಕುಪ್ರಾಣಿಗಳ ಗತಿಯೂ ಅದೇ. ಅವನ್ನು 'ಕ್ಯಾಪ್ಟಿವ್' ಎಂದು ನೀವೇ ಗುರುತು ಮಾಡಿ.

ನಿಮ್ಮ ಹಿತ್ತಿಲಿನ ದಾಖಲೆ ಎಂದರೆ ನಿಮ್ಮ ಮನೆಯ ವಿಳಾಸವೂ ಹೌದು. ಜಾಗವನ್ನು ಮರೆಮಾಚುವ ಜಿಯೋಪ್ರೈವಸಿ ಆಯ್ಕೆಯನ್ನು 'ಅಬ್ಸ್‌ಕ್ಯೂರ್ಡ್'ಗೆ ಇಟ್ಟರೆ ಉದ್ದಗಲ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಮಾತ್ರ ಹೊರಗಿನವರಿಗೆ ಕಾಣುತ್ತದೆ.

ರಾತ್ರಿ ಬಂದು ಹೋದವರ ವಿಷಯದಲ್ಲೂ ಐನ್ಯಾಚುರಲಿಸ್ಟ್ ಕೆಲಸಕ್ಕೆ ಬರುತ್ತದೆ, ಏಕೆಂದರೆ ಹೆಜ್ಜೆ, ಹಿಕ್ಕೆ, ಗರಿ, ಹಾವಿನ ಪೊರೆ ಎಲ್ಲವನ್ನೂ ಪುರಾವೆಯಾಗಿ ಸ್ವೀಕರಿಸುತ್ತದೆ. ಆದರೆ ಯಂತ್ರದ ಸೂಚನೆ ಇಲ್ಲಿ ದುರ್ಬಲ, ನಿಮ್ಮ ಕಣ್ಣೇ ಆಧಾರ. ಒದ್ದೆ ಮಣ್ಣಿನ ಹೆಜ್ಜೆಯಲ್ಲಿ ನಾಲ್ಕು ಬೆರಳಿದ್ದು ಉಗುರು ಮೂಡದಿದ್ದರೆ ಬೆಕ್ಕು, ಐದು ಬೆರಳಿದ್ದರೆ ಪುನುಗು ಇರಬಹುದು. ಬೆಕ್ಕು ಹಿಕ್ಕೆಯನ್ನು ಸಾಮಾನ್ಯವಾಗಿ ಮಣ್ಣೆಳೆದು ಮುಚ್ಚುತ್ತದೆ, ಪುನುಗು ಗೋಡೆಯ ಮೇಲೋ ಬಂಡೆಯ ಮೇಲೋ ಬೀಜ ತುಂಬಿದ ಹಿಕ್ಕೆಯನ್ನು ಬಯಲಲ್ಲೇ ಬಿಟ್ಟುಹೋಗುತ್ತದೆ. ಫೋಟೊದಲ್ಲಿ ಹೆಜ್ಜೆಯ ಪಕ್ಕ ಒಂದು ನಾಣ್ಯ ಇಡಿ, ಅಳತೆ ಇಲ್ಲದ ಹೆಜ್ಜೆಯಿಂದ ಪ್ರಯೋಜನವಿಲ್ಲ. ಇನ್‌ಫ್ರಾರೆಡ್ ಕ್ಯಾಮೆರಾದ ಚಿತ್ರದಲ್ಲಿ ಬಣ್ಣ ಇರುವುದಿಲ್ಲ, ಆಗ ಆಕಾರ ನೋಡಿ: ಮೈಯಷ್ಟೇ ಉದ್ದದ ಬಾಲ, ಗಿಡ್ಡ ಕಾಲು, ಚೂಪು ಮೂತಿ.

ಸೀಕ್ ಕೂಡ ಐನ್ಯಾಚುರಲಿಸ್ಟ್‌ನವರದ್ದೇ. ಖಾತೆ ಬೇಡ, ಫೋಟೊ ಎಲ್ಲಿಗೂ ಹೋಗುವುದಿಲ್ಲ, ಕ್ಯಾಮೆರಾ ಹಿಡಿದಂತೆ ಹೆಸರು ಬರುತ್ತದೆ. ಮಕ್ಕಳ ಕೈಗೆ ಕೊಡಲು ಇದೇ ಸರಿ. ತೆರೆಯ ಮೇಲೆ ಏಳು ಚುಕ್ಕೆಗಳಿವೆ, ಜೀವಿಗಳ ವರ್ಗೀಕರಣದಲ್ಲಿ ಪ್ರಭೇದದವರೆಗಿನ ಏಳು ಮೆಟ್ಟಿಲಿಗೆ ಒಂದೊಂದು. ಏಳೂ ತುಂಬಿದರೆ ಪ್ರಭೇದ ಸಿಕ್ಕಿತು, ನಾಲ್ಕಕ್ಕೇ ನಿಂತರೆ ಇನ್ನೊಂದು ಕೋನದಿಂದ ಹಿಡಿಯಬೇಕು. ತಪ್ಪಿದರೆ ತಿದ್ದುವವರು ಇಲ್ಲ ಎಂಬುದೊಂದೇ ಇದರ ದೊಡ್ಡ ಕೊರತೆ.

ಹಾವು ಕಂಡಾಗ ಈ ಮೂರರಲ್ಲಿ ಯಾವುದನ್ನೂ ನಂಬಬೇಡಿ. ವಿಷವಿಲ್ಲದ ತೋಳದ ಹಾವಿಗೂ ಮಾರಕ ವಿಷದ ಕಟ್ಟು ಹಾವಿಗೂ ಮೈಮೇಲೆ ಬಿಳಿ ಪಟ್ಟೆ. ತೋಳದ ಹಾವಿನ ಪಟ್ಟೆ ಕುತ್ತಿಗೆಯ ಬಳಿ ಗಾಢವಾಗಿದ್ದು ಬಾಲದ ಕಡೆ ಮಾಸುತ್ತದೆ. ಕಟ್ಟು ಹಾವಿನದ್ದು ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತದೆ, ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡ ಆರುಮೂಲೆಯವು. ಮರಿಗಳಲ್ಲಿ ಈ ಲೆಕ್ಕವೂ ಕೈಕೊಡಬಹುದು, ಹುರುಪೆ ಎಣಿಸುವಷ್ಟು ಹತ್ತಿರ ಹೋಗುವುದೇ ಅಪಾಯ. ದೂರ ನಿಂತು ಹಾವು ಹಿಡಿಯಬಲ್ಲವರನ್ನು ಕರೆಯಿರಿ. ಕಚ್ಚಿದ್ದರೆ ಹೆಸರು ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಮರ್ಲಿನ್‌ನಲ್ಲಿರುವ ಮಾದರಿ ದನಿಗಳನ್ನು ಹಿತ್ತಿಲಲ್ಲಿ ಸ್ಪೀಕರ್‌ನಿಂದ ಕೇಳಬೇಡಿ, ಇಯರ್‌ಫೋನ್ ಹಾಕಿಕೊಳ್ಳಿ. ಗೂಡು ಕಟ್ಟಿರುವ ಮಡಿವಾಳಕ್ಕೋ ಟುವ್ವಿಗೋ ಅದು ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಹಕ್ಕಿಯ ದನಿ. ಮರಿಗೆ ಹುಳ ತರುವುದನ್ನು ಬಿಟ್ಟು ಅದು ಫೋನಿನ ಸುತ್ತ ಹಾರಾಡಲು ಶುರುಮಾಡುತ್ತದೆ.