ಲೈಟ್ ಆರಿತು ಅಂತ ಬೆಲ್ಟ್ ಬಿಚ್ಚಬೇಡಿ

ಮಳೆಗಾಲದಲ್ಲಿ ಬೆಂಗಳೂರಿನಿಂದ ಗೋವಾಕ್ಕೆ ಹಾರಿ, ಅಲ್ಲಿಂದ ಕಾರವಾರಕ್ಕೆ ಬರುವವರು ದಯವಿಟ್ಟು ಇದನ್ನು ಓದಿ. ವಯಸ್ಸಾದವರನ್ನು ಕರೆದುಕೊಂಡು ಬರುವವರಂತೂ ಓದಲೇಬೇಕು.

ಜುಲೈ ತಿಂಗಳು. ಆಯಿಯನ್ನು, ಅಂದರೆ ಅಮ್ಮನನ್ನು, ಬೆಂಗಳೂರಿನ ತಂಗಿ ಮನೆಯಿಂದ ಊರಿಗೆ ಕರೆತರಬೇಕಿತ್ತು. ನಾವು ಯಾವಾಗಲೂ ಬೆಂಗಳೂರು–ಕಾರವಾರದ ಪಂಚಗಂಗಾ ರೈಲಿನವರು. ಆ ಸಲ ವೇಟಿಂಗ್ ಲಿಸ್ಟ್ ಕೊನೆಗೂ ಕನ್ಫರ್ಮ್ ಆಗಲಿಲ್ಲ. ಗೋವಾದ ದಾಬೋಲಿಂ ಏರ್‌ಪೋರ್ಟಿಗೆ ಒಂದು ಗಂಟೆ, ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಕತ್ತಲಾಗುವುದರೊಳಗೆ ಮನೆ ಅಂತ ಲೆಕ್ಕ ಹಾಕಿ ಮಧ್ಯಾಹ್ನದ ವಿಮಾನ ಬುಕ್ ಮಾಡಿದೆ. ಆಯಿಗೆ 71 ವರ್ಷ, ಮೊದಲ ಸಲ ವಿಮಾನ.

ಮೇಲೇರಿದ ಸ್ವಲ್ಪ ಹೊತ್ತಿಗೆ ಬೆಲ್ಟಿನ ಲೈಟ್ ಆರಿತು. ನೆರಿಗೆ ಮೇಲೆ ಬಿಗಿಯುತ್ತಿದೆ ಅಂತ ಆಯಿ ಆಗಿನಿಂದಲೂ ಗೊಣಗುತ್ತಿದ್ದಳು. "ಲೈಟ್ ಹೋಯ್ತಲ್ಲ ಆಯಿ, ಬಿಚ್ಚು" ಅಂದೆ. ಬಿಚ್ಚಿದ್ದೂ ನಾನೇ, ಆ ಬಕಲ್ ಅವಳಿಗೆ ಬರುತ್ತಿರಲಿಲ್ಲ. ಲೈಟ್ ಆರಿದರೂ ಕೂತಷ್ಟು ಹೊತ್ತು ಬೆಲ್ಟ್ ಇರಲಿ ಅಂತ ಮೈಕಿನಲ್ಲಿ ಹೇಳಿದ್ದರು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಆಯಿಗೆ ತಿಳಿಯಲಿಲ್ಲ, ತಿಳಿಯುವ ನಾನು ಮೊಬೈಲ್ ನೋಡುತ್ತಿದ್ದೆ.

ಘಟ್ಟದ ಮೇಲೆ ಬಂದಿದ್ದೆವು ಅಂತ ಕಾಣುತ್ತದೆ. ಕಿಟಕಿಯಾಚೆ ಬರೀ ಬೂದಿ ಬಣ್ಣ. ಎರಡು ಸಣ್ಣ ಕುಲುಕಾಟ, ಲೈಟ್ ಮತ್ತೆ ಹೊತ್ತಿತು. ಆಯಿಯ ಬೆಲ್ಟಿಗೆ ಕೈ ಹಾಕಿದೆ, ಒಂದು ತುದಿ ಅವಳ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಎಳೆಯುವಷ್ಟರಲ್ಲಿ ವಿಮಾನ ದಬಕ್ಕನೆ ಕುಸಿಯಿತು. ಪಕ್ಕದವರ ಲೋಟದ ಚಹಾ ಚೆಲ್ಲಲಿಲ್ಲ, ಲೋಟ ಬಿಟ್ಟು ಉಂಡೆಯ ಹಾಗೆ ಮೇಲೆದ್ದಿತು. ಆಯಿಯೂ ಸೀಟಿನಿಂದ ಒಂದು ಗೇಣು ಎದ್ದಳು. ನನ್ನ ಕೈಗೆ ಸಿಕ್ಕಿದ್ದು ಸೆರಗು ಮಾತ್ರ. ಮತ್ತೆ ಬಿದ್ದಾಗ ಅವಳ ಎಡ ಪಕ್ಕೆ ಸೀಟಿನ ಕೈಗೆ ಬಡಿಯಿತು. ಹಿಂದೆ ಬ್ಯಾಗ್ ತೆಗೆಯಲು ನಿಂತಿದ್ದ ಒಬ್ಬರ ತಲೆಯಿಂದ ರಕ್ತ. ಬೆಲ್ಟ್ ಹಾಕಿದ್ದ ನನಗೆ ಒಂದು ಗೀರೂ ಇಲ್ಲ.

ದಾಬೋಲಿಂ ಹತ್ತಿರ ಇಳಿಯುತ್ತಿದ್ದ ವಿಮಾನ ಗರ್ರನೆ ಮತ್ತೆ ಮೇಲೇರಿತು. ಎಲ್ಲರೂ ಕಿರುಚಿದ್ದು ಆಗ. ನನ್ನ ಕೇಳಿದರೆ ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಮಳೆಯಲ್ಲಿ ರನ್‌ವೇ ಕಾಣದಿದ್ದರೆ ಮೇಲೆ ಹೋಗುವುದೇ ಸರಿ, ಹಟ ಮಾಡಿ ಇಳಿಸುವ ಪೈಲಟ್ ನಮಗೆ ಬೇಡ, ಅಲ್ವಾ? ಕೊನೆಗೆ ವಾಪಸ್ ಬೆಂಗಳೂರಿಗೇ ತಂದು ಇಳಿಸಿದರು.

ಆಮೇಲೆ ಓದಿ ತಿಳಿದುಕೊಂಡೆ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇಳುತ್ತದೆ. ದೊಡ್ಡ ಮಳೆಮೋಡದೊಳಗೆ ಏರುವ ಗಾಳಿಯ ಪಕ್ಕದಲ್ಲೇ ಇಳಿಯುವ ಗಾಳಿ ಇರುತ್ತದೆ. ಇಂಥದ್ದನ್ನು ತಡೆಯುವ ಹಾಗೆಯೇ ವಿಮಾನ ಕಟ್ಟಿರುತ್ತಾರೆ, ಪೆಟ್ಟಾಗುವುದು ಒಳಗೆ ಸಡಿಲ ಕೂತವರಿಗೆ. ಲಂಡನ್‌ನಿಂದ ಸಿಂಗಾಪುರಕ್ಕೆ ಹೊರಟ ವಿಮಾನ 2024ರ ಮೇ 21ರಂದು ಮ್ಯಾನ್ಮಾರ್ ಮೇಲೆ ಹೀಗೇ ಸಿಕ್ಕಿಕೊಂಡಿತ್ತು. 73 ವರ್ಷದ ಪ್ರಯಾಣಿಕರೊಬ್ಬರು ತೀರಿಕೊಂಡರು, ಹತ್ತಾರು ಜನರಿಗೆ ಗಾಯ. ಅದು ಸಾವಿರಾರು ಅಡಿ ಬಿತ್ತು ಅಂತ ವಾಟ್ಸಾಪಿನಲ್ಲಿ ಓಡಾಡಿತ್ತು. ತನಿಖೆಯಲ್ಲಿ ಸಿಕ್ಕ ಲೆಕ್ಕ 178 ಅಡಿ, 4.6 ಸೆಕೆಂಡಿನಲ್ಲಿ. ನಮ್ಮ ಶಿರಸಿ ಕಡೆಯ ಅಡಿಕೆ ಮರ ಒಂದರ ಮೇಲೊಂದು ಮೂರು ನಿಲ್ಲಿಸಿದರೆ ಆಯಿತು, ಅಷ್ಟೇ. ಅಷ್ಟೇ ಸಾಕು.

ಹಾಗಾಗಿ ಕೂತಾಗೆಲ್ಲ ಬೆಲ್ಟ್ ಇರಲಿ, ಹೊಟ್ಟೆ ಮೇಲಲ್ಲ, ಸೊಂಟದ ಕೆಳಗೆ. ಆಗ ನೆರಿಗೆ ಮೇಲೂ ಒತ್ತುವುದಿಲ್ಲ, ಇದು ನನಗೆ ತಡವಾಗಿ ತಿಳಿದಿದ್ದು. ಮೈಕಿನಲ್ಲಿ ಹೇಳಿದ್ದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿ. ತೊಡೆ ಮೇಲೆ ಕೂರಿಸುವ ಮಗುವಿಗೆ ಬೇರೆ ಬೆಲ್ಟ್ ಇರುತ್ತದೆ, ಕೇಳಿ ಪಡೆಯಿರಿ. ಆದಷ್ಟು ಬೆಳಗಿನ ವಿಮಾನ ಹಿಡಿಯಿರಿ, ಮಧ್ಯಾಹ್ನದ ನಂತರ ಗುಡುಗು ಮೋಡ ಜಾಸ್ತಿ.

ಇನ್ನೊಂದು. ಪೆಟ್ಟಾದರೆ ಇಳಿದ ಕೂಡಲೇ ಏರ್‌ಪೋರ್ಟಿನ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. "ಏನಿಲ್ಲ, ಸುಮ್ನೆ ನೋವು" ಅಂದಳು ಆಯಿ, ನಾನೂ ನಂಬಿ ಹೊರಗೆ ಬಂದೆ. ಮರುದಿನ ಎಕ್ಸ್‌ರೇಯಲ್ಲಿ ಪಕ್ಕೆಲುಬು ಬಿರುಕು. ವಿಮಾನ ಕಂಪನಿಗೆ ಫೋನ್ ಮಾಡಿದರೆ ನಮ್ಮ ದಾಖಲೆಯಲ್ಲಿ ಅಂಥದ್ದೇನೂ ಇಲ್ಲ ಅಂದರು. ಏನೂ ಬರೆಸಿರಲಿಲ್ಲವಲ್ಲ, ನಾನೇನು ಹೇಳಲಿ.

ವಾರ ಬಿಟ್ಟು ತತ್ಕಾಲ್‌ನಲ್ಲಿ ಪಂಚಗಂಗಾ ಸಿಕ್ಕಿತು, ಕೆಳಗಿನ ಬರ್ತ್. ಆಯಿ ರಾತ್ರಿಯಿಡೀ ಕೂತೇ ಬಂದಳು. ಎಡ ಮಗ್ಗುಲಿಗೆ ಮಲಗಲು ಈಗಲೂ ಆಗುವುದಿಲ್ಲ.