ಆಲಿಕಲ್ಲು ಮಳೆಗೆ ನಜ್ಜಾದ ಕಾರು, ಅರ್ಧಕ್ಕೆ ಇಳಿದ ಪರಿಹಾರ: ಒಂದು ವಿಮಾ ಸೇವೆಯ ವಿಮರ್ಶೆ

ನಮ್ಮ ಕಾರಿಗೆ ವಿಮೆ ನೀಡಿದ್ದ ಖಾಸಗಿ ಕಂಪನಿಯ ಸೇವೆಯನ್ನು ಒಟ್ಟಾರೆಯಾಗಿ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಹೇಳಿಬಿಡಲು ಸಾಧ್ಯವಿಲ್ಲ. ಕ್ಲೇಮು ದಾಖಲಿಸಿಕೊಳ್ಳುವುದರಲ್ಲಿ ಆ ಕಂಪನಿ ಚುರುಕಾಗಿದೆ, ದೂರವಾಣಿಯಲ್ಲಿ ಮಾತನಾಡುವವರು ಸೌಜನ್ಯದಿಂದ ನಡೆದುಕೊಳ್ಳುತ್ತಾರೆ, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಹೇಳಿದ ಹೊತ್ತಿಗೆ ಬರುತ್ತಾರೆ. ಆದರೆ ಪರಿಹಾರದ ಮೊತ್ತವನ್ನು ನಿಗದಿ ಮಾಡುವ ಲೆಕ್ಕದಲ್ಲಿ, ಗ್ರಾಹಕನು ಪ್ರಶ್ನಿಸದೇ ಇದ್ದರೆ ಅವನಿಗೆ ನಷ್ಟವಾಗುವಂತಹ ತಪ್ಪುಗಳಿದ್ದವು, ಮತ್ತು ಆ ತಪ್ಪುಗಳೆಲ್ಲವೂ ಕಂಪನಿಯ ಕಡೆಗೇ ವಾಲಿದ್ದವು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದುವವರಿಗೆ ಉಪಯೋಗಕ್ಕೆ ಬರುವುದು ಹೆಸರಿಗಿಂತ ಹೆಚ್ಚಾಗಿ ಲೆಕ್ಕದ ಹಾಳೆಯಲ್ಲಿ ಎಲ್ಲೆಲ್ಲಿ ಕಣ್ಣಿಡಬೇಕು ಎಂಬ ತಿಳಿವಳಿಕೆ ಎಂದು ನಾನು ನಂಬಿದ್ದೇನೆ.

ಬೆಂಗಳೂರಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಿನ ಮುಂಗಾರು ಪೂರ್ವ ಮಳೆಯೊಂದಿಗೆ ಆಲಿಕಲ್ಲು ಬೀಳುವುದು ಹೊಸತೇನಲ್ಲ. ಬಯಲಿನಲ್ಲಿ ನಿಂತ ವಾಹನಗಳಿಗೆ ಆಗುವ ಹಾನಿಯು ಸಮಗ್ರ ವಿಮಾ ಪಾಲಿಸಿಯ ವ್ಯಾಪ್ತಿಯೊಳಗೇ ಬರುತ್ತದೆ. ಪ್ರವಾಹ, ಚಂಡಮಾರುತ, ಭೂಕಂಪಗಳ ಜೊತೆಗೆ ಆಲಿಕಲ್ಲು ಮಳೆಯನ್ನೂ ಪಾಲಿಸಿಯ ಷರತ್ತುಗಳಲ್ಲಿ ಹೆಸರಿಸಲಾಗಿದೆ. ಕೇವಲ ಥರ್ಡ್ ಪಾರ್ಟಿ ವಿಮೆ ಇರುವವರಿಗೆ ಈ ಪರಿಹಾರ ಸಿಗುವುದಿಲ್ಲ. ನಮ್ಮದು ಸಮಗ್ರ ಪಾಲಿಸಿ, ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯ ವರ್ಷ ನಡೆಯುತ್ತಿತ್ತು, ಎಂಜಿನ್ 1500 ಸಿಸಿಗಿಂತ ಕಡಿಮೆ ಸಾಮರ್ಥ್ಯದ್ದು, ಮತ್ತು ಸವಕಳಿಯ ಕಡಿತವನ್ನು (ಬಿಡಿಭಾಗ ಹಳೆಯದಾಗಿದೆಯೆಂದು ಅದರ ಬೆಲೆಯಲ್ಲಿ ಕಳೆಯುವ ಪಾಲನ್ನು) ತಪ್ಪಿಸುವ ಝೀರೋ ಡೆಪ್ ಸೌಲಭ್ಯವನ್ನು ಆ ವರ್ಷ ತೆಗೆದುಕೊಂಡಿರಲಿಲ್ಲ. ಮುಂದಿನ ಲೆಕ್ಕವೆಲ್ಲ ಈ ವಿವರಗಳ ಮೇಲೆಯೇ ನಿಂತಿದೆ.

ಆಲಿಕಲ್ಲಿನ ಹಾನಿ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಗ್ಯಾರೇಜಿನ ಮೇಲ್ವಿಚಾರಕರು ಕಾರನ್ನು ತೊಳೆಸಿ, ಒಳಗಿನ ಕೊಟ್ಟಿಗೆಯಲ್ಲಿ ಉದ್ದನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಬಾನೆಟ್ಟಿನ ಮೇಲೆ ಬಿದ್ದ ಬೆಳಕಿನ ಗೆರೆಯನ್ನು ತೋರಿಸಿದರು. ನೇರವಾಗಿರಬೇಕಾದ ಆ ಗೆರೆ ಪ್ರತಿಯೊಂದು ನಗ್ಗಿನ ಬಳಿಯೂ ಸೊಟ್ಟಗಾಗುತ್ತಿತ್ತು. ಅವರು ಬಿಳಿಯ ಗ್ರೀಸ್ ಪೆನ್ಸಿಲ್ಲಿನಿಂದ ಒಂದೊಂದನ್ನೂ ಸುತ್ತಿ ಗುರುತು ಮಾಡುತ್ತಾ ಹೋದಂತೆ ಮೇಲ್ಛಾವಣಿ, ಬಾನೆಟ್, ಡಿಕ್ಕಿಯ ಮುಚ್ಚಳ ಮತ್ತು ಎಡಬದಿಯ ಎರಡೂ ಬಾಗಿಲುಗಳು ವೃತ್ತಗಳಿಂದ ತುಂಬಿದವು. ಮುಂಗಾಜು ಸೀಳು ಬಿಟ್ಟಿತ್ತು. ಬಾನೆಟ್ಟಿನ ಅಂಚಿನಲ್ಲಿ, ಒಳಗಿನ ಚೌಕಟ್ಟು ಮಡಚಿಕೊಂಡು ಸೇರುವ ಕಡೆ, ಬಣ್ಣ ಬಿರುಕು ಬಿಟ್ಟು ಲೋಹ ಇಣುಕುತ್ತಿತ್ತು. ಗುರುತು ಹಾಕಿದ ಈ ಸ್ಥಿತಿಯಲ್ಲಿ ಕಾರನ್ನು ಎಲ್ಲ ಕೋನಗಳಿಂದ, ದಿನಾಂಕ ಮೂಡುವಂತೆ ಛಾಯಾಚಿತ್ರ ತೆಗೆದಿಟ್ಟುಕೊಂಡದ್ದು ಆಮೇಲೆ ಬಹಳ ನೆರವಾಯಿತು.

ಅಧಿಕೃತ ಸರ್ವಿಸ್ ಸೆಂಟರಿನವರು ತೆರಿಗೆಯೂ ಸೇರಿ 84,000 ರೂಪಾಯಿಗಳ ಎಸ್ಟಿಮೇಟ್ ಕೊಟ್ಟರು. ಅದರಲ್ಲಿ ಹೊಸ ಬಾನೆಟ್ಟಿಗೆ 14,000, ಮುಂಗಾಜಿಗೆ 9,000, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ 6,000, ಡೆಂಟಿಂಗ್ ಮತ್ತು ಜೋಡಣೆಯ ಕೂಲಿ 15,000, ಮತ್ತು ಸಾಮಗ್ರಿ ಹಾಗೂ ಕೂಲಿಯನ್ನು ಬಿಡಿಸದೆ ಒಟ್ಟಾಗಿ ಬರೆದ ಪೇಂಟಿಂಗ್ ವೆಚ್ಚ 40,000 ರೂಪಾಯಿ. ಸರ್ವೇಯರ್ ಬಂದು ನೋಡಿಕೊಂಡು ಹೋದ ಮೇಲೆ ಕಂಪನಿಯು ಮಂಜೂರು ಮಾಡಿದ್ದು 42,000 ರೂಪಾಯಿ, ಅಂದರೆ ಬಿಲ್ಲಿನ ಸರಿಯಾಗಿ ಅರ್ಧ. ಮೊಬೈಲಿಗೆ ಬಂದ ಸಂದೇಶದಲ್ಲಿ ಮೊತ್ತವೊಂದನ್ನು ಬಿಟ್ಟರೆ ಬೇರೆ ಯಾವ ವಿವರವೂ ಇರಲಿಲ್ಲ. ಕಾರಣ ಕೇಳಿದಾಗ ದೂರವಾಣಿಯಲ್ಲಿ ಸಿಕ್ಕ ಉತ್ತರ ‘ಸವಕಳಿ ಮತ್ತು ಪಾಲಿಸಿಯ ಷರತ್ತಿನ ಪ್ರಕಾರ’ ಎಂಬುದಷ್ಟೇ. ಈ ಉತ್ತರವನ್ನು ಕೇಳಿ ಎಷ್ಟೋ ಜನ ಸುಮ್ಮನಾಗುತ್ತಾರೆ ಎಂಬುದೇ ನನಗೆ ಅತ್ಯಂತ ಬೇಸರದ ಸಂಗತಿ, ಏಕೆಂದರೆ ಸವಕಳಿಯ ದರಗಳು ಯಾರ ಮರ್ಜಿಗೂ ಬಿಟ್ಟದ್ದಲ್ಲ. ಅವು ನಮ್ಮ ಕೈಯಲ್ಲಿರುವ ಪಾಲಿಸಿಯ ಷರತ್ತುಗಳಲ್ಲಿಯೇ ಅಚ್ಚಾಗಿವೆ.

ನಾನು ಮೊದಲು ಕೇಳಿದ್ದು ಸರ್ವೇ ವರದಿಯ ಪ್ರತಿಯನ್ನು ಮತ್ತು ಅದರ ಜೊತೆಗಿರುವ ಮೌಲ್ಯಮಾಪನದ ಹಾಳೆಯನ್ನು. ಪಾಲಿಸಿದಾರನು ಕೇಳಿದರೆ ಕಂಪನಿಯು ವರದಿಯ ಪ್ರತಿಯನ್ನು ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದಾಗ ಅದು ಆಂತರಿಕ ದಾಖಲೆ ಎಂದರು, ಇಮೇಲ್ ಬರೆದು ಕೇಳಿದಾಗ ಕಳುಹಿಸಿದರು. ಹಾಳೆ ಕೈಗೆ ಬಂದ ಮೇಲೆ 42,000 ಎಂಬ ಮೊತ್ತ ಹೇಗೆ ಹುಟ್ಟಿತೆಂಬುದು ಸಾಲುಸಾಲಾಗಿ ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ಕಡಿತವಿದ್ದದ್ದು ಪೇಂಟಿಂಗಿನಲ್ಲಿ. ಬಣ್ಣದ ವಿಷಯದಲ್ಲಿ 50% ಸವಕಳಿ ಕಳೆಯುವುದು ನಿಜ, ಆದರೆ ಅದು ಬಣ್ಣದ ಸಾಮಗ್ರಿಯ ಬೆಲೆಗೆ ಮಾತ್ರ ಅನ್ವಯಿಸುತ್ತದೆ, ಕೂಲಿಗೆ ಅಲ್ಲ. ಗ್ಯಾರೇಜಿನವರು ಸಾಮಗ್ರಿ ಮತ್ತು ಕೂಲಿಯನ್ನು ಬೇರ್ಪಡಿಸದೆ ಒಟ್ಟು ಬಿಲ್ಲು ಕೊಟ್ಟಿದ್ದರೆ, ಆ ಮೊತ್ತದ 25% ಭಾಗವನ್ನು ಸಾಮಗ್ರಿಯೆಂದು ಪರಿಗಣಿಸಬೇಕೆಂದು ಪಾಲಿಸಿಯೇ ಹೇಳುತ್ತದೆ. ಆ ಪ್ರಕಾರ 40,000 ರೂಪಾಯಿಯಲ್ಲಿ ಸಾಮಗ್ರಿ 10,000, ಅದರ ಅರ್ಧ 5,000 ಮಾತ್ರ ಕಡಿತವಾಗಬೇಕು. ನಮ್ಮ ಹಾಳೆಯಲ್ಲಿ ಬಾಗಿಲುಗಳ 8,000 ರೂಪಾಯಿಯನ್ನು ಮೊದಲೇ ಹೊರಗಿಟ್ಟು, ಉಳಿದ 32,000 ರೂಪಾಯಿಯ ಅಷ್ಟಕ್ಕೂ 50% ಕಳೆದು 16,000 ಎಂದು ಬರೆಯಲಾಗಿತ್ತು. ಬಾಗಿಲುಗಳ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ 32,000ದ ಮೇಲೆ ಸರಿಯಾದ ಕಡಿತ 4,000 ಆಗಬೇಕಿತ್ತು. ಈ ಒಂದೇ ಸಾಲಿನಲ್ಲಿ 12,000 ರೂಪಾಯಿ ಕಳೆದುಹೋಗಿತ್ತು. ಆಲಿಕಲ್ಲಿನ ಕ್ಲೇಮುಗಳಲ್ಲಿ ಬಿಲ್ಲಿನ ಸಿಂಹಪಾಲು ಬಣ್ಣದ್ದೇ ಆಗಿರುವುದರಿಂದ ಈ ಸಾಲನ್ನು ಯಾರೂ ಓದದೆ ಬಿಡಬಾರದು.

ಎರಡನೆಯ ತಕರಾರು ಬಾನೆಟ್ಟಿನದು. ಗ್ಯಾರೇಜಿನವರು ಹೊಸದನ್ನು ಹಾಕಬೇಕೆಂದಿದ್ದರು; ಸರ್ವೇಯರ್ ಅದನ್ನು ಒಪ್ಪದೆ, ನಗ್ಗು ತೆಗೆಯಲು 3,000 ರೂಪಾಯಿ ಸಾಕೆಂದು ಬರೆದಿದ್ದರು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬಣ್ಣ ಒಡೆಯದೆ ಕೇವಲ ತಗ್ಗಾದ ಕಡೆ, ಒಳಗಿನಿಂದ ಸಲಾಕೆಯಿಂದ ಒತ್ತಿ ಸಮ ಮಾಡುವ ಪೇಂಟ್‌ಲೆಸ್ ಡೆಂಟ್ ರಿಪೇರ್ ವಿಧಾನವು ಆಲಿಕಲ್ಲಿನ ಹಾನಿಗೆ ಹೇಳಿ ಮಾಡಿಸಿದ್ದು, ಕಾರಿನ ಮೂಲ ಬಣ್ಣವೂ ಹಾಗೆಯೇ ಉಳಿಯುತ್ತದೆ. ಆದರೆ ಲೋಹ ಮಡಚಿಕೊಂಡಿರುವ ಅಂಚಿಗೆ ಮತ್ತು ಬಣ್ಣ ಬಿರಿದಿರುವ ಜಾಗಕ್ಕೆ ಆ ವಿಧಾನ ಸಲ್ಲುವುದಿಲ್ಲ. ಸರ್ವೇ ವರದಿಯಲ್ಲಿ ಅಂಚಿನ ಬಿರುಕಿನ ಉಲ್ಲೇಖವೇ ಇರಲಿಲ್ಲ. ಬಿರುಕಿನ ಹತ್ತಿರದ ಚಿತ್ರಗಳನ್ನೂ, ಅಂಚಿನಲ್ಲಿ ರಿಪೇರಿ ಮಾಡಿದರೆ ಅಲ್ಲಿಂದ ತುಕ್ಕು ಹಿಡಿಯುತ್ತದೆಂದು ಸರ್ವಿಸ್ ಸೆಂಟರಿನವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಟಿಪ್ಪಣಿಯನ್ನೂ ಲಗತ್ತಿಸಿ ಮರುಪರಿಶೀಲನೆ ಕೇಳಿದೆ. ಮೂರರಿಂದ ನಾಲ್ಕು ವರ್ಷದೊಳಗಿನ ವಾಹನದ ಲೋಹದ ಭಾಗಗಳಿಗೆ ಸವಕಳಿ 25%. ಹಾಗಾಗಿ 14,000ದ ಬಾನೆಟ್ಟಿಗೆ ನಮಗೆ ಸಿಗಬೇಕಾದದ್ದು 10,500. ಇಲ್ಲಿ ಪೂರ್ತಿ ಹಣ ಕೇಳಿ ವಾದವನ್ನು ದುರ್ಬಲಗೊಳಿಸುವುದಕ್ಕಿಂತ, ಷರತ್ತಿನ ಪ್ರಕಾರ ನ್ಯಾಯವಾಗಿ ಬರುವಷ್ಟನ್ನೇ ಕೇಳುವುದು ಒಳಿತು.

ಗಾಜಿನ ವಿಷಯದಲ್ಲಿ ಕಂಪನಿ ಸರಿಯಾಗಿಯೇ ನಡೆದುಕೊಂಡಿತ್ತು. ಗಾಜಿಗೆ ಸವಕಳಿ ಇಲ್ಲ, ರಬ್ಬರ್ ಮತ್ತು ಪ್ಲಾಸ್ಟಿಕ್ಕಿಗೆ 50% ಇದೆ, ನಮ್ಮ ಎಂಜಿನ್ ಸಾಮರ್ಥ್ಯದ ಕಾರಿಗೆ ಕಡ್ಡಾಯ ಕಡಿತ, ಅಂದರೆ ಕ್ಲೇಮಿನಲ್ಲಿ ಮಾಲೀಕನೇ ಭರಿಸಬೇಕಾದ ಪಾಲು, 1,000 ರೂಪಾಯಿ. ಇವಿಷ್ಟೂ ಹಾಳೆಯಲ್ಲಿ ನಿಯಮದಂತೆಯೇ ಇದ್ದವು.

ಬಾಗಿಲುಗಳದು ಬೇರೆಯೇ ಕಥೆ. ಆಲಿಕಲ್ಲು ಮೇಲಿನಿಂದ ಬೀಳುವುದರಿಂದ ಪಕ್ಕದ ಬಾಗಿಲುಗಳಿಗೆ ಏಟು ಬೀಳಲು ಸಾಧ್ಯವಿಲ್ಲ, ಅವು ಹಳೆಯ ನಗ್ಗುಗಳು ಎಂದು ಸರ್ವೇಯರ್ ಷರಾ ಬರೆದು, ಬಾಗಿಲುಗಳ ಡೆಂಟಿಂಗ್ ಕೂಲಿ 3,000 ಮತ್ತು ಬಣ್ಣದ 8,000 ರೂಪಾಯಿಯನ್ನು ಸಂಪೂರ್ಣ ತಿರಸ್ಕರಿಸಿದ್ದರು. ಬಿರುಗಾಳಿಯೊಂದಿಗೆ ಬರುವ ಆಲಿಕಲ್ಲು ಓರೆಯಾಗಿ ಬೀಳುತ್ತದೆಂಬುದು ಮುಂಗಾರು ಪೂರ್ವದ ಮಳೆಯನ್ನು ಕಂಡವರಿಗೆಲ್ಲ ಗೊತ್ತಿರುವ ಸಂಗತಿ, ಆದರೆ ಗೊತ್ತಿದ್ದರೆ ಸಾಲದು, ದಾಖಲೆ ಬೇಕು. ನಮ್ಮ ಬಳಿ ಎರಡು ದಾಖಲೆಗಳಿದ್ದವು. ಮೊದಲನೆಯದು, ಮಳೆಗೆ ಸ್ವಲ್ಪ ಮುಂಚೆ ಮಾಡಿಸಿದ್ದ ಸರ್ವಿಸಿನ ಜಾಬ್ ಕಾರ್ಡ್. ಕಾರನ್ನು ಒಳಗೆ ತೆಗೆದುಕೊಳ್ಳುವಾಗ ಗೀರು, ನಗ್ಗುಗಳನ್ನು ಗುರುತಿಸಲು ಅದರಲ್ಲಿ ಕಾರಿನ ರೇಖಾಚಿತ್ರವಿರುತ್ತದೆ. ನಮ್ಮ ಕಾರ್ಡಿನಲ್ಲಿ ಹಿಂದಿನ ಬಂಪರಿನ ಮೇಲೆ ಒಂದು ಗೀರಿನ ಗುರುತು ಬಿಟ್ಟರೆ ಎಡಬದಿಯ ಬಾಗಿಲುಗಳು ಖಾಲಿಯಾಗಿದ್ದವು ಮತ್ತು ಕೆಳಗೆ ಸರ್ವಿಸ್ ಅಡ್ವೈಸರ್ ಸಹಿ ಇತ್ತು. ಎರಡನೆಯದು, ಅದೇ ಸಾಲಿನಲ್ಲಿ ಅದೇ ದಿಕ್ಕಿಗೆ ನಿಲ್ಲಿಸಿದ್ದ ನೆರೆಯವರ ಕಾರುಗಳ ಚಿತ್ರಗಳು. ಅವುಗಳಿಗೂ ಅದೇ ಬದಿಯಲ್ಲಿ ಅದೇ ಅಳತೆಯ ನಗ್ಗುಗಳಾಗಿದ್ದವು. ನೆರೆಯವರು ಚಿತ್ರ ತೆಗೆಯಲು ಬಿಟ್ಟದ್ದಲ್ಲದೆ, ಮಳೆಯ ದಿನ ವಾಹನ ಎಲ್ಲಿ ನಿಂತಿತ್ತೆಂದು ಎರಡು ಸಾಲು ಬರೆದು ಸಹಿಯನ್ನೂ ಮಾಡಿಕೊಟ್ಟರು. ಅವರ ಆ ಉಪಕಾರವನ್ನು ನಾನು ಮರೆಯಲಾರೆ.

ಈ ನಡುವೆ ಕಾರು ಸಿದ್ಧವಾಯಿತು. ಕ್ಯಾಶ್‌ಲೆಸ್ ವ್ಯವಸ್ಥೆಯಲ್ಲಿ ಕಂಪನಿ ಒಪ್ಪಿದಷ್ಟನ್ನು ಬಿಟ್ಟು ಉಳಿದದ್ದನ್ನು ಮಾಲೀಕರೇ ತೆತ್ತು ಕಾರು ಬಿಡಿಸಿಕೊಳ್ಳಬೇಕು. ಕೀಲಿ ಕೊಡುವ ಮುನ್ನ ‘ಪೂರ್ಣ ಮತ್ತು ಅಂತಿಮ ಪರಿಹಾರ’ ಎಂದು ಅಚ್ಚಾಗಿದ್ದ ರಸೀದಿಗೆ ಸಹಿ ಕೇಳಿದರು. ಮೊತ್ತಕ್ಕೆ ನನ್ನ ಒಪ್ಪಿಗೆ ಇಲ್ಲವೆಂದೂ, ಉಳಿದ ಮೊತ್ತದ ಹಕ್ಕನ್ನು ಕಾಯ್ದಿರಿಸಿಕೊಂಡು ಸಹಿ ಮಾಡುತ್ತಿದ್ದೇನೆಂದೂ ಅದರ ಮೇಲೆಯೇ ಕೈಬರಹದಲ್ಲಿ ಬರೆದು, ಸಹಿ ಮಾಡಿ, ಚಿತ್ರ ತೆಗೆದುಕೊಂಡೆ. ಇಂತಹ ರಸೀದಿಗೆ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಮುಗಿಯುವುದಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2015ರಲ್ಲಿಯೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿದೆ. ಆದರೂ ಷರಾ ಬರೆದಿಡುವುದು ಕ್ಷೇಮ.

ಸರ್ವೇಯರ್ ವರದಿಯೇ ಅಂತಿಮ ಎಂಬುದು ಕಂಪನಿಯ ಮೊದಲ ಲಿಖಿತ ಉತ್ತರದ ಸಾರಾಂಶವಾಗಿತ್ತು. ಅದು ಕಾನೂನಿನ ನಿಲುವಲ್ಲ. ವರದಿಯು ಪರಿಹಾರಕ್ಕೆ ಆಧಾರವಾಗಬಹುದೇ ಹೊರತು, ಅದರಿಂದ ಕದಲಬಾರದೆಂದಾಗಲಿ, ಅದು ಪಾಲಿಸಿದಾರನನ್ನು ಅಥವಾ ಕಂಪನಿಯನ್ನು ಕಟ್ಟಿಹಾಕುತ್ತದೆಂದಾಗಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2009ರ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ತೀರ್ಪನ್ನು ಉಲ್ಲೇಖಿಸಿ, ಮೂರು ತಕರಾರುಗಳನ್ನು ಬೇರೆಬೇರೆಯಾಗಿ, ಪ್ರತಿಯೊಂದಕ್ಕೂ ಪಾಲಿಸಿಯ ಷರತ್ತು, ಸರಿಯಾದ ಲೆಕ್ಕ ಮತ್ತು ಲಗತ್ತನ್ನು ಸೂಚಿಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಹಳೆಯ ಬಾನೆಟ್ಟಿನ ಗುಜರಿ ಬೆಲೆ 500 ರೂಪಾಯಿಯನ್ನು ನಾನಾಗಿಯೇ ಕಳೆದು, ನಮಗೆ ಬರಬೇಕಾದ ಒಟ್ಟು ಮೊತ್ತ 71,000 ಎಂದು ತೋರಿಸಿದೆ. ಅದೇ ದೂರನ್ನು ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದಾಖಲಿಸಿದೆ. ದೂರವಾಣಿಯಲ್ಲಿ ಒಂದೇ ಉತ್ತರವನ್ನು ಒಪ್ಪಿಸುತ್ತಿದ್ದ ಸಂಸ್ಥೆಯು ಪತ್ರವನ್ನು ಓದುವ ಅಧಿಕಾರಿಯೊಬ್ಬರನ್ನೂ ಇಟ್ಟುಕೊಂಡಿದೆ ಎಂಬುದನ್ನು ಮೆಚ್ಚಿ ಹೇಳಬೇಕು. ಪೇಂಟಿಂಗ್ ಮತ್ತು ಬಾನೆಟ್ಟಿನ ಲೆಕ್ಕವನ್ನು ತಿದ್ದಿ, ಪರಿಹಾರವನ್ನು 61,000ಕ್ಕೆ ಏರಿಸಿದರು. ಬಾಗಿಲುಗಳ ಬಗ್ಗೆ ಮಾತ್ರ ಹಳೆಯ ಷರಾವನ್ನೇ ನಕಲು ಮಾಡಿ ಕಳುಹಿಸಿದರು. ಜಾಬ್ ಕಾರ್ಡಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಉಳಿದ 10,000 ರೂಪಾಯಿಗಾಗಿ, ಗ್ರಾಹಕರ ಮತ್ತು ವಿಮಾ ಕಂಪನಿಗಳ ನಡುವಿನ ವ್ಯಾಜ್ಯಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿದೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ, ಆದರೆ ದೂರನ್ನು ಆನ್‌ಲೈನಿನಲ್ಲಿಯೇ ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಅವರು ತಿರಸ್ಕರಿಸಿರಬೇಕು ಅಥವಾ ಅವರ ಉತ್ತರ ತೃಪ್ತಿ ತಂದಿರಬಾರದು ಅಥವಾ ಒಂದು ತಿಂಗಳು ಉತ್ತರವೇ ಬಂದಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ಇಲ್ಲಿಗೆ ಬರಬೇಕು. ಅದೇ ವಿಷಯ ಗ್ರಾಹಕ ಆಯೋಗದಲ್ಲಿ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಎರಡು ಕಡೆ ಒಟ್ಟಿಗೆ ಹೋಗಬಾರದು. ಹತ್ತು ಸಾವಿರಕ್ಕಾಗಿ ಇಷ್ಟೆಲ್ಲ ಬೇಕೆ ಎಂದು ಮನೆಯಲ್ಲಿಯೂ ಕೇಳಿದರು. ಇಲ್ಲದ ಹಳೆಯ ನಗ್ಗನ್ನು ನಮ್ಮ ಮೇಲೆ ಹೊರಿಸಿ, ನಾವು ಸುಳ್ಳು ಹೇಳುತ್ತಿದ್ದೇವೆಂಬ ಅರ್ಥ ಬರುವಂತೆ ಬರೆದ ಷರಾ ದಾಖಲೆಯಲ್ಲಿ ಉಳಿಯುವುದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಒಂಬುಡ್ಸ್‌ಮನ್ ಕಚೇರಿಯಿಂದ ನೋಟಿಸು ಹೋದ ಮೇಲೆ, ವಿಚಾರಣೆಗೆ ಮುಂಚೆಯೇ ಕಂಪನಿಯು ಬಾಗಿಲುಗಳ ಹಣವನ್ನು ಪೂರ್ತಿಯಾಗಿ ಖಾತೆಗೆ ಜಮಾ ಮಾಡಿತು.

ಆದ್ದರಿಂದ ಕ್ಲೇಮು ದಾಖಲಾತಿಗೆ ಐದರಲ್ಲಿ ನಾಲ್ಕು, ಕುಂದುಕೊರತೆ ವಿಭಾಗಕ್ಕೆ ಮೂರು, ಮೌಲ್ಯಮಾಪನಕ್ಕೆ ಒಂದು ಅಂಕ ಕೊಡುತ್ತೇನೆ. ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು ಎಂದು ಪ್ರಾಧಿಕಾರದ 2024ರ ಮಾಸ್ಟರ್ ಸುತ್ತೋಲೆ ಹೇಳುತ್ತದೆ. ಈ ಗಡುವುಗಳನ್ನು ಕಂಪನಿ ಪಾಲಿಸಿತು. ಬೇಗ ಬಂದ ತಪ್ಪು ಲೆಕ್ಕದಿಂದ ಗ್ರಾಹಕನಿಗೆ ಏನೂ ಲಾಭವಿಲ್ಲ.

ಇಂತಹ ಕ್ಲೇಮಿಗೆ ಮುಂದಾಗುವವರು ನೋ ಕ್ಲೇಮ್ ಬೋನಸ್ಸನ್ನು, ಅಂದರೆ ಕ್ಲೇಮಿಲ್ಲದ ವರ್ಷಗಳಿಗಾಗಿ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿಯನ್ನು, ಕೂಡ ಲೆಕ್ಕ ಹಾಕಬೇಕು. ಮಳೆಯಲ್ಲಿ ಮಾಲೀಕನ ತಪ್ಪಿಲ್ಲದಿದ್ದರೂ ಬೋನಸ್ ಹೋಗುತ್ತದೆ. ಮೂರು ವರ್ಷ ಕ್ಲೇಮಿಲ್ಲದೆ ನಮಗೆ ಬಂದಿದ್ದ 35% ರಿಯಾಯಿತಿ ಸೊನ್ನೆಗೆ ಇಳಿಯಿತು. ನಾಲ್ಕಾರು ಸಣ್ಣ ನಗ್ಗುಗಳಷ್ಟೇ ಆಗಿದ್ದರೆ ಕೈಯಿಂದಲೇ ಖರ್ಚು ಮಾಡಿ ಸರಿಪಡಿಸಿಕೊಳ್ಳುವುದೇ ಅಗ್ಗವಾದೀತು. ನವೀಕರಣದ ಹೊತ್ತಿಗೆ ನಾವು ಬೇರೆ ಕಂಪನಿಗೆ ಬದಲಾದೆವು, ಈ ಬಾರಿ ಝೀರೋ ಡೆಪ್ ಸೇರಿಸಿಕೊಂಡೆವು, ಮತ್ತು ಸರ್ವಿಸಿಗೆ ಕಾರು ಬಿಟ್ಟಾಗಲೆಲ್ಲ ಜಾಬ್ ಕಾರ್ಡಿನ ರೇಖಾಚಿತ್ರ ಇರುವ ಪುಟದ ಪ್ರತಿಯನ್ನು ಕೇಳಿ ಪಡೆಯುತ್ತಿದ್ದೇವೆ.