ಗೋಡೆ ಕ್ಯಾಲೆಂಡರ್, ಆ್ಯಪ್, ಪಂಚಾಂಗ: ಮುಹೂರ್ತಕ್ಕೆ ಯಾವುದನ್ನು ನಂಬಬೇಕು?

ರಾಹುಕಾಲಕ್ಕೆ ಆ್ಯಪ್, ಮುಹೂರ್ತಕ್ಕೆ ಮುದ್ರಿತ ಪಂಚಾಂಗ, ಹಬ್ಬ ಮತ್ತು ರಜೆಗೆ ಗೋಡೆ ಕ್ಯಾಲೆಂಡರ್. ತಂಗಿಯ ಮನೆ ಗೃಹಪ್ರವೇಶಕ್ಕೆ ದಿನ ಹುಡುಕುವಾಗ ಮೂರನ್ನೂ ಎದುರಿಗಿಟ್ಟು ತಾಳೆ ನೋಡಿದ ಮೇಲೆ ನಾನು ಬಂದ ತೀರ್ಮಾನ ಇದು.

ಕ್ಯಾಲೆಂಡರಿನಲ್ಲಿ ಭಾನುವಾರದ ರಾಹುಕಾಲ ವರ್ಷವಿಡೀ 4-30ರಿಂದ 6. ಬೆಳಿಗ್ಗೆ 6ಕ್ಕೆ ಉದಯ, ಸಂಜೆ 6ಕ್ಕೆ ಅಸ್ತ ಎಂದಿಟ್ಟುಕೊಂಡು ಹಗಲನ್ನು ಎಂಟು ಭಾಗ ಮಾಡಿದ ಲೆಕ್ಕ ಅದು. ಜೂನ್ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದೇ ಸುಮಾರು 6-48ಕ್ಕೆ. ಎಂಟನೇ ಭಾಗ ಶುರುವಾಗುವುದು 5-10ರ ಹೊತ್ತಿಗೆ. ಕ್ಯಾಲೆಂಡರ್ ನಂಬಿ 6-15ಕ್ಕೆ ಹೊರಟವರು ರಾಹುಕಾಲದಲ್ಲೇ ಹೊರಟಂತಾಯಿತು. ಊರಿನ ಹೆಸರು ಸರಿಯಾಗಿ ಕೊಟ್ಟರೆ ಆ್ಯಪ್ ಇದನ್ನು ದಿನದಿನಕ್ಕೂ ಹೊಸದಾಗಿ ಲೆಕ್ಕ ಹಾಕುತ್ತದೆ. ನ್ಯೂಜೆರ್ಸಿಯಲ್ಲಿರುವ ಅಣ್ಣನಿಗಂತೂ ಅದೇ ಗತಿ, ಇಲ್ಲಿನ ಸೂರ್ಯೋದಯದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಆದರೆ ಆ್ಯಪಿನ ‘ಶುಭ ಮುಹೂರ್ತ’ ಪಟ್ಟಿ ಎಲ್ಲರಿಗೂ ಒಂದೇ, ಯಾರ ಜನ್ಮನಕ್ಷತ್ರವನ್ನೂ ನೋಡುವುದಿಲ್ಲ. ಅದರಲ್ಲಿ ಅನೂರಾಧಾ ನಕ್ಷತ್ರದ ದಿನವೊಂದು ಚೆನ್ನಾಗಿ ಕಂಡಿತು. ತಂಗಿಯ ಜನ್ಮನಕ್ಷತ್ರ ಹಸ್ತಾ. ಹಸ್ತಾ, ಚಿತ್ತಾ, ಸ್ವಾತಿ, ವಿಶಾಖಾ, ಅನೂರಾಧಾ ಎಂದು ಬೆರಳು ಮಡಿಸಿದರೆ ಐದನೆಯದು, ಪ್ರತ್ಯಕ್ ಎಂಬ ಅಶುಭ ತಾರೆ. ಹೀಗೆ ಜನ್ಮನಕ್ಷತ್ರದಿಂದ ಎಣಿಸಿ ನೋಡುವ ತಾರಾಬಲವೇ ಇಲ್ಲ! ಆ ದಿನ ಬಿಟ್ಟೆವು.

ನಮ್ಮ ಮನೆಗೆ ಬರುವುದು ಒಂಟಿಕೊಪ್ಪಲ್ ಪಂಚಾಂಗ. ಪಂಚಾಂಗ ಓದುವುದು ಕಷ್ಟ ಎಂದು ಹೆದರುವವರು ಒಮ್ಮೆ ಘಳಿಗೆ ಲೆಕ್ಕ ಕಲಿತುಬಿಡಿ. ತಿಥಿಯ ಎದುರು 32-10 ಎಂದಿದ್ದರೆ ಸೂರ್ಯೋದಯದಿಂದ 32 ಘಳಿಗೆ 10 ವಿಘಳಿಗೆ. ಘಳಿಗೆಗೆ 24 ನಿಮಿಷ, ವಿಘಳಿಗೆಗೆ 24 ಸೆಕೆಂಡು, ಒಟ್ಟು 12 ಗಂಟೆ 52 ನಿಮಿಷ. 6-30ಕ್ಕೆ ಉದಯವಾದರೆ ತಿಥಿ ಸಂಜೆ 7-22ರವರೆಗೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಐದೂ ಒಂದೇ ಸಾಲಿನಲ್ಲಿ ಸಿಗುವುದರಿಂದ ಹಿಂದಿನ ದಿನ, ಮುಂದಿನ ದಿನಗಳನ್ನು ಒಟ್ಟಿಗೇ ತೂಗಿ ನೋಡಬಹುದು. ಫೋನಿನ ಪರದೆಯಲ್ಲಿ ನನಗೆ ಈ ಅನುಕೂಲ ಸಿಗಲಿಲ್ಲ.

ಎರಡು ಕಡೆ ತಿಥಿಯ ಕೊನೆ ಬೇರೆ ಬೇರೆ ಕಂಡರೆ ಗಾಬರಿ ಬೇಡ. ಸೂರ್ಯಸಿದ್ಧಾಂತದ ಹಳೆಯ ಲೆಕ್ಕದಲ್ಲಿ ತಿಥಿ 54ರಿಂದ 65 ಘಳಿಗೆ (ಬಾಣವೃದ್ಧಿ, ರಸಕ್ಷಯ ಎನ್ನುವುದು ಇದಕ್ಕೇ: ಅರವತ್ತಕ್ಕೆ ಬಾಣ ಅಂದರೆ ಐದು ಹೆಚ್ಚು, ರಸ ಅಂದರೆ ಆರು ಕಡಿಮೆ), ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ಹೊಸ ಲೆಕ್ಕವಾದ ದೃಗ್ಗಣಿತದಲ್ಲಿ ಸುಮಾರು 50ರಿಂದ 67. ಏಕಾದಶಿಗೆ ಮಾಧ್ವರು ತಮ್ಮ ಮಠದ ಪಂಚಾಂಗವನ್ನೇ ನೋಡುವುದು ಸರಿ. ಮುಹೂರ್ತಕ್ಕಾದರೆ ನಿಮ್ಮ ಪುರೋಹಿತರು ಯಾವ ಪಂಚಾಂಗ ಹಿಡಿದಿದ್ದಾರೆ ಎಂದು ಮೊದಲೇ ಕೇಳಿ, ಅದನ್ನೇ ಕೊನೆತನಕ ನೋಡಿ. ತಿಥಿ ಒಂದರಲ್ಲಿ, ನಕ್ಷತ್ರ ಇನ್ನೊಂದರಲ್ಲಿ ಆರಿಸಬೇಡಿ.